ಬಾಳಸಂಗಾತಿ ಅಗಲಿದ ಮೇಲೆ: ನೆನಪನ್ನು ದಾನವಾಗಿಸಿದ ಜೈನ ಪರಂಪರೆ

ಮನೆಯಲ್ಲಿ ಗಂಡನೋ ಹೆಂಡತಿಯೋ ತೀರಿಕೊಂಡ ಮೇಲೆ ಮೊದಲ ಕೆಲವು ದಿನ ಮನೆ ತುಂಬ ನೆಂಟರು. ಬಂದವರ ಊಟ ಉಪಚಾರ, ಬಸದಿಯ ಪೂಜೆ, ಮರಣ ಪ್ರಮಾಣಪತ್ರಕ್ಕಾಗಿ ಓಡಾಟ ಇವುಗಳಲ್ಲಿ ದಿನ ಕಳೆದದ್ದೇ ತಿಳಿಯುವುದಿಲ್ಲ. ಸೂತಕ ಕಳೆದು ಎಲ್ಲರೂ ಅವರವರ ಊರಿಗೆ ಹೊರಟ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಬೆಳಿಗ್ಗೆ ಕೈ ತಾನಾಗಿಯೇ ಎರಡು ಲೋಟ ಇಡುತ್ತದೆ. ಹೊತ್ತು ಮುಳುಗುವುದರೊಳಗೆ ಊಟಕ್ಕೆ ಏಳಿ ಎಂದು ಕರೆಯಲು ಬಾಯಿ ತೆರೆದಾಗ, ಕರೆಯಲು ಯಾರೂ ಇಲ್ಲ ಎಂಬುದು ನೆನಪಾಗುತ್ತದೆ. ಪಡಿತರ ಚೀಟಿಯಿಂದ ಹೆಸರು ತೆಗೆಸುವ ಅರ್ಜಿಗೆ ಸಹಿ ಹಾಕುವಾಗ ಕೈ ನಡುಗುತ್ತದೆ.

ಆಗ ಮೂರು ಪ್ರಶ್ನೆಗಳು ಏಳುತ್ತವೆ. ಇಷ್ಟು ದುಃಖಪಡುವುದು ಧರ್ಮದ ದೃಷ್ಟಿಯಲ್ಲಿ ತಪ್ಪೇ? ಈ ನೆನಪುಗಳನ್ನು ಏನು ಮಾಡಬೇಕು? ಇಷ್ಟು ವರ್ಷ ಒಬ್ಬರ ಹೆಂಡತಿಯಾಗಿ ಅಥವಾ ಗಂಡನಾಗಿ ಬಾಳಿದ ನಾನು ಈಗ ಯಾರು? ಈ ಪ್ರಶ್ನೆಗಳಿಗೆ ನಮ್ಮ ಶಾಸ್ತ್ರಗಳು, ಪುರಾಣಗಳು ಹಾಗೂ ಕನ್ನಡ ನಾಡಿನ ಶಾಸನಗಳು ಏನು ಹೇಳುತ್ತವೆ ಎಂಬುದನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ಕಪಿಲೆಯ ಸೀಮೆಯ ಒಂದು ಕಲ್ಲು

ನಂಜನಗೂಡು ತಾಲ್ಲೂಕಿನ ತಗಡೂರು ಇಂದು ಖಾದಿಗೆ ಮತ್ತು ಸ್ವಾತಂತ್ರ್ಯ ಹೋರಾಟಕ್ಕೆ ಹೆಸರಾದ ಊರು. ಇದು ಹಿಂದೆ ಗಂಗರು ಆಳಿದ ನಾಡು. ಗಂಗರ ರಾಜಧಾನಿ ತಲಕಾಡು ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿದೆ. ದಕ್ಷಿಣಕ್ಕೆ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿ ಕ್ಷೇತ್ರವಿದೆ. ಈ ಸೀಮೆಯಲ್ಲಿ ಸತ್ತವರ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸುವುದು ಬಹಳ ಹಳೆಯ ಪದ್ಧತಿ. ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲು, ಗಂಡನ ಚಿತೆಯೇರಿದವರಿಗೆ ಮಾಸ್ತಿಗಲ್ಲು, ಸಮಾಧಿಮರಣ ಹೊಂದಿದವರಿಗೆ ನಿಸಿದಿಗಲ್ಲು.

ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಪ್ರಸಿದ್ಧ ಶಾಸನವೊಂದಿದೆ. ಆಗ ಈ ಭಾಗ ಚೋಳರ ಆಳ್ವಿಕೆಯಲ್ಲಿತ್ತು. ನವಲೆನಾಡಿನ ಒಡೆಯ ಏಚ ಎಂಬವನು ಮಲ್ಲಯುದ್ಧದಲ್ಲಿ ಅರಸನ ಬಂಧುವೊಬ್ಬನನ್ನು ಕೊಂದುದಕ್ಕಾಗಿ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಲಾಯಿತು. ಸುದ್ದಿ ತಿಳಿದ ಹೆಂಡತಿ ದೇಕಬ್ಬೆ, ತಂದೆತಾಯಿ ಮತ್ತು ಬಂಧುಗಳು ಎಷ್ಟು ತಡೆದರೂ ಕೇಳದೆ ಬೆಂಕಿಯನ್ನು ಹೊಕ್ಕಳು. ಇದ್ದ ಭೂಮಿ ಹೊನ್ನನ್ನು ದಾನ ಮಾಡಿ ಚಿತೆಯ ಕಡೆಗೆ ನಡೆದಳೆಂದು ಶಾಸನ ಹೇಳುತ್ತದೆ. ಇದನ್ನು ಓದಿದವರ ಮನಸ್ಸು ಕಲಕುವುದು ಬೆಂಕಿಯ ವರ್ಣನೆಯಿಂದಲ್ಲ, ಹೆತ್ತವರು ಅಂಗಲಾಚುವ ಭಾಗದಿಂದ.

ಗಂಡನಿಲ್ಲದೆ ನಾನಿಲ್ಲ ಎಂಬುದು ದೇಕಬ್ಬೆ ಕೊಟ್ಟ ಉತ್ತರ. ಆ ಕಾಲ ಅದನ್ನು ಕೊಂಡಾಡಿತು. ಆದರೆ ಜೈನ ಆಚಾರ್ಯರು ಅದಕ್ಕೆ ಬಹಳ ಮೊದಲೇ ಬೇರೆಯ ಮಾತನ್ನು ಹೇಳಿದ್ದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪುಣ್ಯವೆಂದು ಭಾವಿಸಿ ಬೆಂಕಿಗೆ ಬೀಳುವುದನ್ನು ಬೆಟ್ಟದಿಂದ ಧುಮುಕುವುದರ ಜೊತೆಗೇ ಸೇರಿಸಿ ಲೋಕಮೂಢತೆ ಎಂದು ಕರೆಯಲಾಗಿದೆ. ಅದೇ ಗ್ರಂಥ ಸಲ್ಲೇಖನಕ್ಕೆ ಹೇಳುವ ಸಂದರ್ಭಗಳು ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ ಇವು ನಾಲ್ಕೇ. ಸಂಗಾತಿ ಹೋದ ದುಃಖ ಆ ಪಟ್ಟಿಯಲ್ಲಿಲ್ಲ. ದುಃಖದ ಭರದಲ್ಲಿ ಊಟ ಬಿಟ್ಟು ಕುಳಿತರೆ ಅದು ವ್ರತವಲ್ಲ ಎಂಬುದನ್ನು ಮನೆಯವರು ನೆನಪಿಡಬೇಕು.

ದುಃಖ ತಪ್ಪೇ?

ಜೈನ ಶಾಸ್ತ್ರ ಶೋಕವನ್ನು ಮುಚ್ಚಿಡುವುದಿಲ್ಲ. ಅದನ್ನು ಹೆಸರಿಟ್ಟು ವಿಂಗಡಿಸುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳಿದೆ. ಬೇಡವಾದದ್ದು ಬಂದು ಸೇರಿದಾಗ ಅದು ತೊಲಗಲೆಂದು ಕೊರಗುವುದು, ಬೇಕಾದದ್ದು ಅಗಲಿದಾಗ ಮರಳಿ ಬರಲೆಂದು ಹಂಬಲಿಸುವುದು, ನೋವನ್ನೇ ನೆನೆಯುತ್ತಿರುವುದು, ಮುಂದಿನ ಭೋಗಕ್ಕೆ ಆಸೆಪಡುವುದು. ಎರಡನೆಯದಕ್ಕೆ ಇಷ್ಟವಿಯೋಗಜ ಆರ್ತಧ್ಯಾನ ಎಂದು ಹೆಸರು. ಸಂಗಾತಿಯನ್ನು ಕಳೆದುಕೊಂಡವರ ಸ್ಥಿತಿ ಇದೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆರ್ತಧ್ಯಾನವು ಅವಿರತರಿಗೂ, ಅಣುವ್ರತಿ ಶ್ರಾವಕರಿಗೂ ಬರುತ್ತದೆ ಎಂದು ಸೂತ್ರವೇ ಹೇಳುತ್ತದೆ. ಪ್ರಮತ್ತ ಸ್ಥಿತಿಯ ಮುನಿಗಳಿಗೂ ಅದು ಪೂರ್ತಿ ತಪ್ಪಿದ್ದಲ್ಲ. ಅಂದಮೇಲೆ ಗೃಹಸ್ಥರು ಅತ್ತರೆ ಧರ್ಮ ಕೆಟ್ಟಿತು ಎನ್ನುವುದು ಸರಿಯಲ್ಲ. ಅಳು ಬಂದದ್ದು ದೋಷವಲ್ಲ. ಆಗಿಹೋದದ್ದು ಆಗದೇ ಇರಲಿ ಎಂಬ ಒಂದೇ ಹಂಬಲದಲ್ಲಿ ಮನಸ್ಸು ವರ್ಷಗಟ್ಟಲೆ ಸುತ್ತುತ್ತಿದ್ದರೆ ಅದು ಬಂಧನ.

ಜೈನ ರಾಮಾಯಣ ಪರಂಪರೆಯಲ್ಲಿ ಲಕ್ಷ್ಮಣ ತೀರಿಕೊಂಡಾಗ ರಾಮ ಅದನ್ನು ಒಪ್ಪುವುದೇ ಇಲ್ಲ. ತಮ್ಮನ ದೇಹವನ್ನು ಆರು ತಿಂಗಳು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ, ಸ್ನಾನ ಮಾಡಿಸುತ್ತಾನೆ, ಮಾತನಾಡಿಸುತ್ತಾನೆ. ಕೊನೆಗೆ ದೇವತೆಗಳು ಬರುತ್ತಾರೆ, ಆದರೆ ಬೈಯುವುದಿಲ್ಲ, ಉಪದೇಶಕ್ಕೂ ಮೊದಲು ಕೈಹಾಕುವುದಿಲ್ಲ. ಅವನ ಕಣ್ಣೆದುರಿಗೇ ಒಣಗಿದ ಮರಕ್ಕೆ ನೀರೆರೆಯುತ್ತಾರೆ, ಬಂಡೆಯ ಮೇಲೆ ಬೀಜ ಬಿತ್ತುತ್ತಾರೆ. ಇದೇನು ಹುಚ್ಚು ಎಂದು ಅವನೇ ಕೇಳುವವರೆಗೆ ಕಾಯುತ್ತಾರೆ. ಅದೇ ಭವದಲ್ಲಿ ಮೋಕ್ಷ ಪಡೆಯಲಿದ್ದ ಬಲಭದ್ರನಿಗೇ ಆರು ತಿಂಗಳು ಬೇಕಾಯಿತು. ನಮ್ಮ ನಿಮ್ಮಂಥವರಿಗೆ ಹದಿಮೂರು ದಿನದಲ್ಲಿ ಸಮಾಧಾನವಾಗಬೇಕೆಂದು ಒತ್ತಾಯಿಸುವುದು ನ್ಯಾಯವೇ?

ಶ್ರೀಮತಿಯ ಚಿತ್ರಪಟ

ಸಂಗಾತಿಯ ನೆನಪಿನ ಬಗ್ಗೆ ಜೈನ ಸಾಹಿತ್ಯದಲ್ಲಿ ಇರುವ ದೊಡ್ಡ ಕಥೆ ಆದಿಪುರಾಣದ್ದು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ್ದನ್ನು ಪಂಪ 941ರಲ್ಲಿ ಕನ್ನಡಕ್ಕೆ ತಂದ. ಮುಂದೆ ವೃಷಭನಾಥನಾಗಲಿರುವ ಜೀವ ಒಂದು ಭವದಲ್ಲಿ ಈಶಾನ ಕಲ್ಪದಲ್ಲಿ ಲಲಿತಾಂಗನೆಂಬ ದೇವನಾಗಿತ್ತು. ಅವನ ಪ್ರಿಯೆ ಸ್ವಯಂಪ್ರಭೆ. ಕೊರಳ ಮಾಲೆ ಬಾಡಿದಾಗ ತನ್ನ ಆಯುಷ್ಯ ಮುಗಿಯುತ್ತ ಬಂತೆಂದು ಲಲಿತಾಂಗನಿಗೆ ತಿಳಿಯುತ್ತದೆ. ಅವನು ಹೋದ ಮೇಲೆ ಸ್ವಯಂಪ್ರಭೆ ಶೋಕಿಸುತ್ತಾಳೆ, ಆಮೇಲೆ ಉಳಿದ ಆರು ತಿಂಗಳನ್ನು ಜಿನಪೂಜೆಯಲ್ಲಿ ಕಳೆಯುತ್ತಾಳೆ.

ಮರುಹುಟ್ಟಿನಲ್ಲಿ ಆಕೆ ಪುಂಡರೀಕಿಣಿ ನಗರದ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿ. ಕೇವಲಜ್ಞಾನದ ಪೂಜೆಗಾಗಿ ಆಕಾಶದಲ್ಲಿ ಹೋಗುತ್ತಿದ್ದ ದೇವತೆಗಳನ್ನು ಕಂಡು ಆಕೆಗೆ ಹಿಂದಿನ ಜನ್ಮ ನೆನಪಾಗಿ ಎಚ್ಚರ ತಪ್ಪುತ್ತದೆ. ಎದ್ದ ಮೇಲೆ ಯಾರೊಡನೆಯೂ ಮಾತಿಲ್ಲ. ಕೊನೆಗೆ ದಾದಿ ಪಂಡಿತೆಗೆ ಎಲ್ಲವನ್ನೂ ಹೇಳಿ, ತಾನು ನೆನಪಿನಿಂದ ಬರೆದ ಚಿತ್ರಪಟವನ್ನು ಅವಳ ಕೈಗೆ ಕೊಡುತ್ತಾಳೆ. ಪಂಡಿತೆ ಅದನ್ನು ಜಿನಾಲಯದಲ್ಲಿ ತೂಗುಹಾಕುತ್ತಾಳೆ. ಅಲ್ಲಿಗೆ ಬಂದ ರಾಜಕುಮಾರ ವಜ್ರಜಂಘ ಪಟವನ್ನು ನೋಡಿ ಮೂರ್ಛೆ ಹೋಗುತ್ತಾನೆ. ಅವನೇ ಲಲಿತಾಂಗ. ಇಬ್ಬರೂ ಮದುವೆಯಾಗುತ್ತಾರೆ. ಒಂದು ರಾತ್ರಿ ಕಿಟಕಿ ಮುಚ್ಚಿದ ಶಯ್ಯಾಗೃಹದಲ್ಲಿ ಧೂಪದ ಹೊಗೆ ತುಂಬಿ ಇಬ್ಬರೂ ಜೊತೆಯಾಗಿಯೇ ತೀರಿಕೊಳ್ಳುತ್ತಾರೆ.

ಬಹಳ ಜನ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಅದರ ಫಲ ಬರುವುದು ಎಷ್ಟೋ ಭವಗಳ ನಂತರ. ವಜ್ರಜಂಘನ ಜೀವ ಆದಿತೀರ್ಥಂಕರನಾಗಿ ದೀಕ್ಷೆ ಪಡೆದು, ಆರು ತಿಂಗಳ ಉಪವಾಸ ಮುಗಿಸಿ ಆಹಾರಕ್ಕೆ ಹೊರಟಾಗ ಮುನಿಗೆ ಹೇಗೆ ಆಹಾರ ಕೊಡಬೇಕೆಂಬುದು ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ. ಜನ ಆನೆ, ಕುದುರೆ, ಒಡವೆ ತಂದು ಮುಂದಿಟ್ಟರು. ಇನ್ನೂ ಆರು ತಿಂಗಳು ಹಾಗೆಯೇ ಕಳೆಯಿತು. ಹಸ್ತಿನಾಪುರದಲ್ಲಿ ಶ್ರೇಯಾಂಸ ಅವನನ್ನು ನೋಡಿದ ಕೂಡಲೇ ಹಿಂದಿನ ಭವ ನೆನಪಾಯಿತು. ವಜ್ರಜಂಘ ಮತ್ತು ಶ್ರೀಮತಿ ಕಾಡಿನಲ್ಲಿ ಚಾರಣ ಮುನಿಗಳಿಗೆ ಆಹಾರ ಕೊಟ್ಟ ವಿಧಿ ಕಣ್ಣೆದುರು ಬಂತು. ಅದೇ ವಿಧಿಯಂತೆ ಅವನು ಕಬ್ಬಿನ ಹಾಲನ್ನು ಕೊಟ್ಟ. ನಾವು ಪ್ರತಿವರ್ಷ ಆಚರಿಸುವ ಅಕ್ಷಯ ತದಿಗೆ ಈ ದಾನದ ದಿನ.

ಶ್ರೇಯಾಂಸ ಯಾರು? ಶ್ರೀಮತಿಯ ಜೀವವೇ.

ಒಮ್ಮೆ ಗಂಡನಿಗಾಗಿ ಹಂಬಲಿಸಿ ಮೂರ್ಛೆ ಹೋಗಿದ್ದ ನೆನಪು ಈಗ ಈ ಯುಗದ ಮೊದಲ ಆಹಾರದಾನವಾಯಿತು. ನೆನಪು ಅದೇ, ಅದು ಹರಿದ ದಿಕ್ಕು ಬೇರೆ. ಜೈನ ಪುರಾಣ ನೆನಪನ್ನು ಅಳಿಸಿಹಾಕು ಎನ್ನುವುದಿಲ್ಲ. ಅದನ್ನು ದಾನದ ಕಡೆಗೆ ತಿರುಗಿಸು ಎನ್ನುತ್ತದೆ.

ಅತ್ತಿಮಬ್ಬೆ: ಒಂದೇ ಮನೆಯ ಎರಡು ಉತ್ತರ

ಇದು ಪುರಾಣದ ಮಾತಾಯಿತು. ಚರಿತ್ರೆಯಲ್ಲಿ ಇದಕ್ಕೆ ನಿದರ್ಶನ ದಾನಚಿಂತಾಮಣಿ ಅತ್ತಿಮಬ್ಬೆ. ಮಲ್ಲಪನ ಮಗಳಾದ ಈಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಚಾಳುಕ್ಯ ಮಂತ್ರಿ ಧಲ್ಲಪನ ಮಗ, ವೀರ ನಾಗದೇವನಿಗೆ ಮದುವೆ ಮಾಡಿಕೊಡಲಾಗಿತ್ತು. ನಾಗದೇವ ಯುದ್ಧದಲ್ಲಿ ಮಡಿದ. ಗುಂಡಮಬ್ಬೆ ಗಂಡನ ಜೊತೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು.

ಗಂಡ ಮತ್ತು ಒಡಹುಟ್ಟಿದವಳನ್ನು ಒಟ್ಟಿಗೇ ಕಳೆದುಕೊಂಡ ಆ ಮನೆಯಲ್ಲಿ ಉಳಿಯುವುದು ಎಷ್ಟು ಕಷ್ಟವಾಗಿತ್ತೋ ಊಹಿಸಬಹುದು. ಜೊತೆಯವಳು ಹೋದಳು, ನೀನೇಕೆ ಉಳಿದೆ ಎಂದು ಲೋಕ ಕೇಳಬಹುದಾದ ಕಾಲ ಅದು. ಮಗ ಅಣ್ಣಿಗನನ್ನು ಬೆಳೆಸುವ ಹೊಣೆ ಇತ್ತು. ಆಕೆ ವ್ರತನಿಷ್ಠೆಯಿಂದ ಬಾಳುತ್ತ ತನ್ನ ಸಂಪತ್ತನ್ನು ದಾನಕ್ಕೆ ತೆರೆದಳು. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಲಿಪಿಕಾರರು ಕೈಯಿಂದಲೇ ಬರೆಯಬೇಕಾಗಿತ್ತು. 1500 ಜಿನಬಿಂಬಗಳನ್ನು ಮಾಡಿಸಿದಳು. ರನ್ನನಿಗೆ ಆಶ್ರಯ ಕೊಟ್ಟಳು. ಆತ 993ರಲ್ಲಿ ರಚಿಸಿದ ಅಜಿತಪುರಾಣದಲ್ಲಿ ಆಕೆಯ ವಂಶ, ಬಾಳು, ದಾನ ಎಲ್ಲವೂ ದಾಖಲಾಗಿವೆ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವೂ 1007ರ ಶಾಸನವೂ ಇಂದಿಗೂ ಇವೆ.

ಇನ್ನೊಂದು ಸಂಗತಿ ಗಮನಾರ್ಹ. ಶಾಂತಿಪುರಾಣವನ್ನು ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಅವರು ಅದನ್ನು ಬರೆಯಿಸಿದ್ದರು. ಅಗಲಿದವರ ಹೆಸರಿನಲ್ಲಿ ಗ್ರಂಥ ಬರೆಯಿಸುವುದನ್ನು ಆಕೆ ತವರಿನಲ್ಲೇ ಕಂಡಿದ್ದಳು. ದುಃಖ ಬಂದಾಗ ಕೈಗೆ ಸಿಕ್ಕ ದಾರಿ ಮನೆಯಲ್ಲಿ ಮೊದಲೇ ರೂಢಿಯಾಗಿದ್ದ ದಾರಿ.

ಗುಂಡಮಬ್ಬೆಯನ್ನು ಇಲ್ಲಿ ಹಳಿಯಬೇಕಾಗಿಲ್ಲ. ಆಕೆ ತನ್ನ ಕಾಲದ ಹೆಣ್ಣು. ಆದರೆ ಸಾವಿರ ವರ್ಷದ ಮೇಲೂ ನಾಡು ಯಾರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ, ಯಾರ ದಾನದಿಂದ ಪೊನ್ನನ ಕಾವ್ಯ ನಾಡಿನಲ್ಲಿ ಹರಡಿತು ಎಂಬುದನ್ನು ನೋಡಿದರೆ ಎರಡು ಉತ್ತರಗಳ ನಡುವಿನ ವ್ಯತ್ಯಾಸ ತಿಳಿಯುತ್ತದೆ.

ಹೆಂಡತಿಗಾಗಿ ನಿಸಿದಿ ನಿಲ್ಲಿಸಿದ ದಂಡನಾಯಕ

ಹೆಂಡತಿಯನ್ನು ಕಳೆದುಕೊಂಡ ಗಂಡಸಿನ ದುಃಖ ಶಾಸನಗಳಲ್ಲಿ ಕಡಿಮೆ ಕಾಣಸಿಗುತ್ತದೆ. ತಲಕಾಡನ್ನು ಚೋಳರಿಂದ ಗೆದ್ದು ಹೊಯ್ಸಳ ವಿಷ್ಣುವರ್ಧನನಿಗೆ ಒಪ್ಪಿಸಿದ ದಂಡನಾಯಕ ಗಂಗರಾಜನದು ಅಂಥದೊಂದು ಉದಾಹರಣೆ. ಅವನ ಹೆಂಡತಿ ಲಕ್ಷ್ಮೀಮತಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಎರಡುಕಟ್ಟೆ ಬಸದಿ ಆಕೆ ಕಟ್ಟಿಸಿದ್ದು. ಅರಸನಿಂದ ಪರಮ ಎಂಬ ಗ್ರಾಮವನ್ನು ಪಡೆದ ಗಂಗರಾಜ ಅದನ್ನು ತಾಯಿ ಪೋಚಲದೇವಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೇ ಬಿಟ್ಟುಕೊಟ್ಟ.

1120ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ, ಶಕ 1044ರ ಲೆಕ್ಕದಲ್ಲಿ, ಲಕ್ಷ್ಮೀಮತಿಯೂ ಸನ್ಯಸನ ವಿಧಿಯಿಂದ ದೇಹ ಬಿಟ್ಟಳು. ಗಂಗರಾಜ ಇಬ್ಬರಿಗೂ ನಿಸಿದಿ ನಿಲ್ಲಿಸಿದ. ಹೆಂಡತಿಯ ನಿಸಿದಿಯ ಶಾಸನ ಆಕೆಯ ರೂಪವನ್ನೂ ಜಾಣ್ಮೆಯನ್ನೂ ಹೊಗಳುವುದರ ಜೊತೆಗೆ, ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಕೆಗಿದ್ದ ನಿಷ್ಠೆಯನ್ನು ಹೇಳುತ್ತದೆ. ಅಂದರೆ ಆಕೆ ಗಂಗರಾಜನ ಹೆಂಡತಿ ಎಂಬುದಷ್ಟೇ ಕಲ್ಲಿನಲ್ಲಿ ಉಳಿಯಲಿಲ್ಲ, ಆಕೆ ಏನು ಮಾಡುತ್ತಿದ್ದಳು ಎಂಬುದೂ ಉಳಿಯಿತು. ಇಂದು ಗೋಡೆಯ ಮೇಲಿನ ಭಾವಚಿತ್ರದ ಕೆಳಗೆ ಹುಟ್ಟು ಸಾವಿನ ತಾರೀಖುಗಳನ್ನು ಮಾತ್ರ ಬರೆಯುವ ನಾವು ಇದನ್ನು ಗಮನಿಸಬೇಕು.

ತಗಡೂರು ನಂಬಿದ್ದ ಗಾಂಧೀಜಿಯವರ ಬಾಳಿನಲ್ಲೂ ಇದೇ ಮಾತಿದೆ. ಕಸ್ತೂರಬಾ 1944ರ ಫೆಬ್ರವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡರು. ಅರವತ್ತು ವರ್ಷ ಮೀರಿದ ದಾಂಪತ್ಯ ಅದು. ಅವರ ನೆನಪಿಗೆಂದು ದೇಶದ ಜನ ಕೂಡಿಸಿದ ನಿಧಿ ಹಳ್ಳಿಯ ಹೆಂಗಸರು ಮತ್ತು ಮಕ್ಕಳಿಗಾಗಿ ಬಳಕೆಯಾಗಲೆಂದು ಗಾಂಧೀಜಿ ಬಯಸಿದರು. ಆ ಸ್ಮಾರಕ ಟ್ರಸ್ಟಿನ ಕರ್ನಾಟಕದ ಕೇಂದ್ರ ಅರಸೀಕೆರೆಯಲ್ಲಿದೆ.

ನಾನು ಈಗ ಯಾರು?

ಮೂರನೆಯ ಪ್ರಶ್ನೆಗೆ ಶಾಸ್ತ್ರದ ಉತ್ತರ ದ್ರವ್ಯ ಮತ್ತು ಪರ್ಯಾಯ ಎಂಬ ಎರಡು ಮಾತಿನಲ್ಲಿದೆ. ಚಿನ್ನ ದ್ರವ್ಯ, ಬಳೆ, ಸರ, ಉಂಗುರ ಅದರ ಪರ್ಯಾಯಗಳು. ಬಳೆ ಕರಗಿದರೂ ಚಿನ್ನ ಹೋಗುವುದಿಲ್ಲ. ಜೀವ ದ್ರವ್ಯ, ಮಗಳು, ಹೆಂಡತಿ, ತಾಯಿ, ವಿಧವೆ, ವಿಧುರ ಎಂಬುವು ಬಂದು ಹೋಗುವ ಪರ್ಯಾಯಗಳು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವ ಮತ್ತು ಅನ್ಯತ್ವ ಭಾವನೆಗಳು ಇದನ್ನೇ ಕಲಿಸುತ್ತವೆ. ಶ್ರೀಮತಿಯ ಜೀವ ಶ್ರೇಯಾಂಸನೆಂಬ ಪುರುಷನಾದದ್ದು ಇದಕ್ಕೆ ಸಾಕ್ಷಿ.

ಹೀಗಿರುವಾಗ ಒಂದು ಪರ್ಯಾಯ ಮುಗಿದದ್ದಕ್ಕೆ ಒಬ್ಬ ಹೆಣ್ಣುಮಗಳನ್ನು ಜೀವಮಾನವಿಡೀ ಅಮಂಗಳೆ ಎನ್ನುವುದು ನಮ್ಮ ಸಿದ್ಧಾಂತಕ್ಕೆ ಹೊಂದುವುದಿಲ್ಲ. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಮದುವೆಯ ಚಪ್ಪರದಲ್ಲಿ ಹೆತ್ತ ತಾಯಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ. ಸೀಮಂತಕ್ಕೆ, ನಾಮಕರಣಕ್ಕೆ ಅತ್ತಿಗೆಯನ್ನು ಕರೆಯುವಾಗ ಮನೆಯವರು ಹಿಂದೆಮುಂದೆ ನೋಡುತ್ತಾರೆ. ಆಕೆಯೂ ತಾನಾಗಿ ದೂರ ನಿಲ್ಲುವುದನ್ನು ಕಲಿತಿರುತ್ತಾಳೆ. ಗಂಡನಿಲ್ಲದ ಅತ್ತಿಮಬ್ಬೆ ಮಾಡಿಸಿದ 1500 ಬಿಂಬಗಳನ್ನು ಲೋಕ ಪೂಜಿಸಿತು. ಆಕೆಯ ಕೈ ಮಂಗಳವಾಗಿದ್ದರೆ ನಮ್ಮ ಅತ್ತಿಗೆಯ ಕೈ ಹೇಗೆ ಅಮಂಗಳವಾಗುತ್ತದೆ ಎಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕು.

ಆಸ್ತಿಯ ವಿಷಯದಲ್ಲೂ ತಿಳಿದಿರಬೇಕಾದ ಸಂಗತಿಯಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳಂತೆಯೇ ಒಂದನೇ ವರ್ಗದ ವಾರಸುದಾರಳು. ದುಃಖದ ದಿನಗಳಲ್ಲಿ ಓದದೆ, ವಿಚಾರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅವಸರ ಮಾಡುವವರಿಗೆ ಸ್ವಲ್ಪ ತಡೆಯಿರಿ ಎನ್ನುವುದು ತಪ್ಪಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಜೈನ ಸಿದ್ಧಾಂತದಂತೆ ದೇಹ ಬಿಟ್ಟ ಜೀವ ಕೆಲವೇ ಸಮಯಗಳಲ್ಲಿ ಹೊಸ ಜನ್ಮಸ್ಥಾನವನ್ನು ಸೇರುತ್ತದೆ. ಸಮಯ ಎಂದರೆ ಕಾಲದ ಅತಿ ಸಣ್ಣ ಅಂಶ. ಆದ್ದರಿಂದ ಅಗಲಿದವರಿಗೆ ಪಿಂಡದ ಮೂಲಕ ಅನ್ನ ಮುಟ್ಟಿಸುವ ಕಲ್ಪನೆ ನಮ್ಮಲ್ಲಿಲ್ಲ. ಪುಣ್ಯತಿಥಿಯಂದು ಮಾಡುವ ಪೂಜೆ, ದಾನ ಎಲ್ಲವೂ ಉಳಿದವರ ಪರಿಣಾಮಶುದ್ಧಿಗಾಗಿ. ಹಾಗಿರುವಾಗ ಅದು ಉಳಿದವರ ಮನಸ್ಸಿಗೆ ನಿಜವಾಗಿ ಒದಗುವಂತೆ ಇರಬೇಕು.

ಅಗಲಿದವರು ಏನನ್ನು ಪ್ರೀತಿಸುತ್ತಿದ್ದರು ಎಂಬುದರಿಂದ ಶುರುಮಾಡಿ. ಊರಿಗೆ ಬಂದ ತ್ಯಾಗಿಗಳಿಗೆ ಶ್ರದ್ಧೆಯಿಂದ ಆಹಾರ ಸಿದ್ಧಪಡಿಸುತ್ತಿದ್ದರೆ ಅದನ್ನು ಆಹಾರದಾನವಾಗಿ ಮುಂದುವರಿಸಬಹುದು. ಕಾಯಿಲೆಯಲ್ಲಿ ಬಹಳ ನರಳಿದ್ದರೆ ಅಂಥ ಒಬ್ಬ ಬಡ ರೋಗಿಯ ಔಷಧದ ಖರ್ಚು ನೋಡಿಕೊಳ್ಳುವುದು ಔಷಧದಾನ. ಓದುವವರಾಗಿದ್ದರೆ ಒಬ್ಬ ವಿದ್ಯಾರ್ಥಿಯ ಶುಲ್ಕ, ಅಥವಾ ಸಿಗದೇ ಹೋದ ಹಳೆಯ ಗ್ರಂಥವೊಂದರ ಮರುಮುದ್ರಣ ಶಾಸ್ತ್ರದಾನ. ಒಂಟಿಯಾಗಿ ಹೆದರಿ ಬದುಕುತ್ತಿರುವವರಿಗೆ ಆಸರೆಯಾಗುವುದು ಅಭಯದಾನ. ಮೊತ್ತ ದೊಡ್ಡದಿರಬೇಕಾಗಿಲ್ಲ. ಹಣ ಕಳಿಸಿ ಕೈತೊಳೆದುಕೊಳ್ಳದೆ, ದುಃಖದಲ್ಲಿರುವವರು ತಾವೇ ಕೈಹಾಕಿ ಮಾಡುವಂಥದಾಗಿದ್ದರೆ ಒಳ್ಳೆಯದು.

ಮನೆಯ ಮಕ್ಕಳು ಇನ್ನೊಂದು ಕೆಲಸ ಮಾಡಬಹುದು. ಅಮ್ಮನ ಅಥವಾ ಅಪ್ಪನ ಬಳಿ ಕುಳಿತು ಹೋದವರ ಕಥೆಯನ್ನು ಹೇಳಿಸಿ ಬರೆದಿಡಿ. ಮಾತು ತೆಗೆದರೆ ಅಳುತ್ತಾರೆ ಎಂದು ಹೆದರಿ ಹೆಸರನ್ನೇ ಎತ್ತದಿರುವ ಮನೆಗಳು ಬಹಳ. ಶ್ರೀಮತಿಯ ಮೌನ ಮುರಿದದ್ದು ಪಂಡಿತೆ ಪಕ್ಕದಲ್ಲಿ ಕುಳಿತು ಕೇಳಿದಾಗ. ಹೆಂಡತಿಯನ್ನು ಕಳೆದುಕೊಂಡ ಗಂಡಸರು ಹೆಚ್ಚು ಮಾತನಾಡುವುದಿಲ್ಲ. ಅವರನ್ನು ಕೇಳುವವರು ಇನ್ನೂ ಕಡಿಮೆ.

ತಿಂಗಳುಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಬದುಕಿರುವುದೇ ಬೇಡವೆನಿಸುತ್ತಿದ್ದರೆ ಅದನ್ನು ಮನೆಯವರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಔಷಧ ತೆಗೆದುಕೊಳ್ಳುವುದರಿಂದ ಶ್ರದ್ಧೆಗೆ ಕುಂದಿಲ್ಲ.

ಬೆಳತೂರಿನ ಕಲ್ಲು, ಲಕ್ಕುಂಡಿಯ ಬಸದಿ, ಚಿಕ್ಕಬೆಟ್ಟದ ನಿಸಿದಿ ಮೂರರಲ್ಲೂ ಇರುವುದು ಅಗಲಿಕೆಯ ನೋವೇ. ಮೊದಲನೆಯದರಲ್ಲಿ ಆ ನೋವು ಒಂದು ಜೀವವನ್ನು ತೆಗೆದುಕೊಂಡಿತು. ಉಳಿದೆರಡರಲ್ಲಿ ಅದು ದಾನವಾಗಿ ಇತರರಿಗೆ ಮುಟ್ಟಿತು. ಮುಂದಿನ ಅಕ್ಷಯ ತದಿಗೆಯಂದು ಮನೆಯಲ್ಲಿ ಕಬ್ಬಿನ ಹಾಲು ಹಂಚುವಾಗ ಆ ದಾನದ ವಿಧಿ ಒಂದು ಜೀವಕ್ಕೆ ಹಳೆಯ ದಾಂಪತ್ಯದ ನೆನಪಿನಿಂದ ತಿಳಿದದ್ದು ಎಂಬುದನ್ನು ಮಕ್ಕಳಿಗೆ ಹೇಳಿ. ಆ ದಿನ ಮೊದಲ ಲೋಟವನ್ನು, ಒಂಟಿಯಾಗಿ ಉಳಿದಿರುವ ಅಜ್ಜಿಗೋ ಅತ್ತಿಗೆಗೋ ದೊಡ್ಡಪ್ಪನಿಗೋ ಕೊಟ್ಟು ಅವರ ಕೈಯಿಂದಲೇ ಉಳಿದವರಿಗೆ ಹಂಚಿಸಿ.